ಹೊಗೆ ಹಾಕದೆ ಬಂದ ವಿಮಾನ

ನಾನು ಒಂದು ತರಬೇತಿ ವಿಮಾನ. ಯಾರನ್ನೂ ಬೇಗ ನಂಬುವ ಸ್ವಭಾವ ನನ್ನದಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಏಕೆಂದರೆ ಈಗ ನನ್ನನ್ನು ನೋಡಲು ಬರುವವರು ಮೂಗು ಸವರಿ, "ಪಾಪ, ಎಷ್ಟು ಸಾಧುವಾಗಿದೆ ನೋಡಿ" ಎನ್ನುತ್ತಾರೆ. ಸಾಧುವೂ ಇಲ್ಲ, ಮಣ್ಣೂ ಇಲ್ಲ. ಸವರುವ ಕೈ ನನ್ನ ಮೈಯಿಂದ ಯಾವ ಸ್ಕ್ರೂ ಬಿಚ್ಚಿಕೊಂಡು ಹೋಗುತ್ತದೋ ಎಂದು ನೋಡುತ್ತಲೇ ಇರುತ್ತೇನೆ.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ಕಾರ್ಖಾನೆಯ ದೊಡ್ಡ ಶೆಡ್ಡಿನಲ್ಲಿ. ಅಲ್ಯೂಮಿನಿಯಂ ತಗಡುಗಳನ್ನು ರಿವೆಟ್ ಹೊಡೆದು ಕೂಡಿಸಿ ನನಗೆ ಮೈ ಮಾಡಿದರು. ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಹೊರಗೆ ನಿಂತು ಹೊಡೆಯುತ್ತಾನೆ, ಇನ್ನೊಬ್ಬ ನನ್ನ ಹೊಟ್ಟೆಯೊಳಗೆ ಮುದುರಿ ಕುಳಿತು ಕಬ್ಬಿಣದ ದಿಂಡನ್ನು ಒತ್ತಿ ಹಿಡಿಯುತ್ತಾನೆ. ಒಬ್ಬರಿಗೊಬ್ಬರು ಕಾಣುವುದಿಲ್ಲ, ಆ ಗದ್ದಲದಲ್ಲಿ ಮಾತೂ ಕೇಳುವುದಿಲ್ಲ. ಒಳಗಿನವನು ಒಂದು ಸಲ ತಟ್ಟಿದರೆ ರಿವೆಟ್ ಸರಿಯಾಗಿ ಕೂತಿದೆ ಎಂದು ಅರ್ಥ, ಎರಡು ಸಲ ತಟ್ಟಿದರೆ ಇನ್ನೊಮ್ಮೆ ಹೊಡೆಯಬೇಕು. ಊಟದ ಗಂಟೆ ಹತ್ತಿರವಾದಾಗ ಒಳಗಿನವನು ಎಲ್ಲದಕ್ಕೂ ಒಂದೇ ಸಲ ತಟ್ಟುತ್ತಿದ್ದ. ಅವು ನಿಜವಾಗಿ ಕೂತಿದ್ದವೋ, ಅವನ ಹೊಟ್ಟೆ ಚುರುಗುಟ್ಟುತ್ತಿತ್ತೋ, ಯಾರಿಗೆ ಗೊತ್ತು. ನನಗೆ ಮೊದಲ ಅನುಮಾನ ಹುಟ್ಟಿದ್ದು ಅಲ್ಲೇ.

ಮೈಗೆಲ್ಲ ಹಳದಿ ಬಣ್ಣ ಬಳಿದು ನನ್ನನ್ನು ಬಯಲುಸೀಮೆಯ ಒಂದು ತರಬೇತಿ ಕೇಂದ್ರಕ್ಕೆ ಕಳಿಸಿದರು. ಅರಿಶಿನ ಹಚ್ಚಿಸಿಕೊಂಡ ಮದುಮಗಳಂತೆ ಹೋಗಿ ಇಳಿದೆ. ನನ್ನಲ್ಲಿ ಎರಡು ಸೀಟು, ಒಂದರ ಹಿಂದೆ ಒಂದು. ಕಲಿಯುವವನು ಮುಂದೆ, ಕಲಿಸುವವರು ಹಿಂದೆ. ಹಿಂದಿನವರಿಗೆ ಮುಂದಿನವನ ಬೆನ್ನು, ಕುತ್ತಿಗೆ ಕಾಣುತ್ತವೆ, ಮುಖ ಕಾಣುವುದಿಲ್ಲ. ಮುಂದಿನವನಿಗೆ ಹಿಂದಿನವರ ದನಿ ಬಿಟ್ಟರೆ ಮತ್ತೇನೂ ಇಲ್ಲ. ಮಾತಾಡಬೇಕಾದರೆ ಒಂದು ಗುಂಡಿ ಒತ್ತಬೇಕು. ಆಗ ಇನ್ನೊಬ್ಬರ ಕಿವಿಯಲ್ಲಿ ಮೊದಲು ಟಿಕ್ ಎನ್ನುತ್ತದೆ, ಆಮೇಲೆ ಮಾತು ಬರುತ್ತದೆ.

"ಅರ್ಥ ಆಯ್ತೇನಪ್ಪಾ?" ಎಂದು ಹಿಂದಿನಿಂದ ಕೇಳುತ್ತಿದ್ದರು. "ಆಯ್ತು ಸರ್" ಎಂದು ಮುಂದಿನವನು ಹೇಳುತ್ತಿದ್ದ. ಏನೂ ಅರ್ಥವಾಗಿರುತ್ತಿರಲಿಲ್ಲ. ಹಾಗೆ ಹೇಳಿದವನೇ ನಾನು ರನ್‌ವೇಯ ಮೇಲೆ ಕಪ್ಪೆಯಂತೆ ಕುಪ್ಪಳಿಸುವ ಹಾಗೆ ಇಳಿಸುತ್ತಿದ್ದ. ವರ್ಷಗಟ್ಟಲೆ ಈ "ಆಯ್ತು ಸರ್" ಕೇಳಿ ಕೇಳಿ, ಮನುಷ್ಯ ಬಾಯಲ್ಲಿ ಹೇಳುವುದಕ್ಕೂ ಅವನ ಕೈ ಮಾಡುವುದಕ್ಕೂ ಸಂಬಂಧವಿಲ್ಲ ಎಂದು ತಿಳಿದುಕೊಂಡೆ. ಮುಖಕ್ಕಿಂತ ಕೈಯನ್ನೇ ನೋಡುವುದು ನನಗೆ ರೂಢಿಯಾಯಿತು.

ಅಲ್ಲಿ ನಾನು ನಂಬಿದ್ದು ಒಬ್ಬರನ್ನು ಮಾತ್ರ. ಅವರು ಫ್ಲೈಟ್ ಲೆಫ್ಟಿನೆಂಟ್ ಬಿದ್ದಪ್ಪ. ವಿರಾಜಪೇಟೆ ಕಡೆಯವರು, ಸಣಕಲು ಮೈ, ನೆಟ್ಟಗೆ ಕತ್ತರಿಸಿದ ಮೀಸೆ. ಬೋಧಕರಲ್ಲೆಲ್ಲ ಬಲು ಕಟ್ಟುನಿಟ್ಟಿನವರು. ದೇಶದ ಎಲ್ಲ ಮೂಲೆಯ ಹುಡುಗರೂ ಕಲಿಯಲು ಬರುತ್ತಿದ್ದರು. ಕನ್ನಡದವನು ಸಿಕ್ಕಿದರೆ ಬಿದ್ದಪ್ಪನವರು ಬೈಗುಳವನ್ನೂ ಕನ್ನಡದಲ್ಲೇ ಬಡಿಸುತ್ತಿದ್ದರು. ಅವರದೊಂದು ಅಭ್ಯಾಸವಿತ್ತು. ಆಕಾಶದಲ್ಲಿ ಆರಾಮಾಗಿ ಹೋಗುತ್ತಿರುವಾಗ, ಹೇಳದೆ ಕೇಳದೆ ಎಡಗೈಯಿಂದ ಎಂಜಿನ್ನಿನ ಬಲವನ್ನು ಪೂರ್ತಿ ಇಳಿಸಿಬಿಡುತ್ತಿದ್ದರು. ನನ್ನ ಗಂಟಲು ಹಿಸುಕಿದಂತೆ ಸದ್ದು ಅಡಗುತ್ತಿತ್ತು. "ಎಂಜಿನ್ ಸತ್ತುಹೋಯ್ತು. ಎಲ್ಲಿ ಇಳಿಸ್ತೀಯಾ ಹೇಳು" ಎಂದು ಕೇಳುತ್ತಿದ್ದರು. ಹುಡುಗ ಯಾವುದಾದರೂ ಹೊಲ ಹುಡುಕಬೇಕಿತ್ತು. ನೆಲ ಹತ್ತಿರ ಬಂದಾಗ ಬಿದ್ದಪ್ಪನವರು ಮತ್ತೆ ಬಲ ಕೊಡುತ್ತಿದ್ದರು. ಒಂದು ದಿನವೂ ತಡಮಾಡಲಿಲ್ಲ. ಆ ಕೈಯನ್ನು ನಂಬದೆ ನನಗೆ ಗತಿಯೂ ಇರಲಿಲ್ಲ, ನಂಬಿಕೆಗೆ ಅದು ಮೋಸ ಮಾಡಲೂ ಇಲ್ಲ.

ಆಮೇಲೆ ಯುದ್ಧ ಬಂತು. ಪೂರ್ವದ ಗಡಿಯಲ್ಲಿ ಹೊಳೆಗಳ ನಾಡೊಂದಿದೆಯಲ್ಲ, ಅಲ್ಲಿಗೆ ನನ್ನನ್ನು ಕರೆಸಿಕೊಂಡರು. ಕಲಿಯುವ ಮಕ್ಕಳನ್ನು ಹೊರುವ ನನಗೆ ರಣರಂಗದಲ್ಲೇನು ಕೆಲಸ ಎಂದು ಆಗಲೇ ಸಂಶಯಪಟ್ಟೆ. ನನ್ನ ಹಳದಿ ಬಣ್ಣದ ಮೇಲೆ ಪೊರಕೆಯಂಥ ಬ್ರಷ್ಷಿನಿಂದ ಮಾಸಲು ಹಸಿರು ಬಳಿದರು. ಹಿಂದಿನ ಸೀಟಿನ ಪಕ್ಕ ಒಂದು ಭಾರದ ರೇಡಿಯೋ ತುರುಕಿದರು. ರೆಕ್ಕೆಗಳ ಕೆಳಗೆ ಕೊಳವೆಗಳನ್ನು ಕಟ್ಟಿ ಸಣ್ಣ ರಾಕೆಟ್‌ಗಳನ್ನಿಟ್ಟರು. ಇದನ್ನೆಲ್ಲ ಮಾಡಿದವನು ಕಾರ್ಪೊರಲ್ ಫ್ರಾನ್ಸಿಸ್ ಲೋಬೋ, ಮಂಗಳೂರಿನ ಮೆಕ್ಯಾನಿಕ್ಕು. ಕೆಲಸ ಮುಗಿಸಿ ದೂರ ನಿಂತು ನೋಡಿದ.

"ಎಂತ ವೇಷ ಮಾರಾಯ ಇದು ನಿನಗೆ" ಎಂದು ನನಗೇ ಹೇಳಿದ. "ಶಾಲೆ ಮಾಸ್ಟ್ರಿಗೆ ಪೊಲೀಸ್ ಡ್ರೆಸ್ ಹಾಕಿದ ಹಾಗೆ ಉಂಟು."

ಆ ರಾಕೆಟ್‌ಗಳು ಯಾರನ್ನೂ ಕೊಲ್ಲುವಂಥವಲ್ಲ. ನೆಲಕ್ಕೆ ಬಿದ್ದ ಕಡೆ ಬಿಳಿ ಹೊಗೆ ಎಬ್ಬಿಸುತ್ತವೆ, ಅಷ್ಟೇ. ಜೆಟ್ ವಿಮಾನಗಳು ಎಷ್ಟು ಜೋರಾಗಿ ಹೋಗುತ್ತವೆಂದರೆ ಅವಕ್ಕೆ ಕೆಳಗಿನ ಮರ ಯಾವುದು, ತೋಪು ಯಾವುದು ತಿಳಿಯುವುದಿಲ್ಲ. ನಾನೋ ಎತ್ತಿನಗಾಡಿಯ ಜಾತಿ. ತಗ್ಗಿನಲ್ಲಿ, ನಿಧಾನವಾಗಿ ಸುತ್ತಿ, ವೈರಿ ಎಲ್ಲಿದ್ದಾನೆಂದು ಹುಡುಕಿ ಅಲ್ಲಿ ಹೊಗೆ ಹಾಕಬೇಕು. ಮೇಲಿನಿಂದ ಜೆಟ್ಟುಗಳು ಬಂದು ಆ ಹೊಗೆಯ ಮೇಲೆ ಬಾಂಬು ಸುರಿಯುತ್ತವೆ. ಬೆರಳು ತೋರಿಸುವುದು ನನ್ನ ಕೆಲಸ, ಹೊಡೆಯುವುದು ಅವರ ಕೆಲಸ. ನನ್ನ ಹೊಗೆ ಬಿದ್ದ ಕಡೆ ಆಮೇಲೆ ಹುಲ್ಲೂ ಉಳಿಯುತ್ತಿರಲಿಲ್ಲ. ಬೆರಳು ತಪ್ಪಿದರೆ ತಿದ್ದುವವರು ಯಾರೂ ಇಲ್ಲ.

ಬಿದ್ದಪ್ಪನವರೇ ನನ್ನನ್ನು ನಡೆಸಲು ಬಂದಾಗ ಜೀವ ಬಂದಂತಾಯಿತು. ಆದರೆ ಈಗ ಅವರು ಮುಂದಿನ ಸೀಟಿನಲ್ಲಿ ಕೂರಬೇಕಿತ್ತು. ಹಿಂದೆ ಕೂರಲು ಸೈನ್ಯದಿಂದ ಒಬ್ಬರು ಬಂದರು, ನೆಲದ ಮೇಲಿನ ನಮ್ಮ ಪಡೆಗಳು ಎಲ್ಲೆಲ್ಲಿವೆ ಎಂದು ಬಲ್ಲವರು. ಹೆಸರು ಕ್ಯಾಪ್ಟನ್ ಪಾವಟೆ. ಧಾರವಾಡದವರು, ಫಿರಂಗಿ ದಳದಲ್ಲಿ ಅಧಿಕಾರಿ. ದುಂಡು ಮುಖ, ಮಾತು ಕಡಿಮೆ. ನನಗೆ ಆ ಮನುಷ್ಯ ಮೊದಲ ದಿನದಿಂದಲೂ ಹಿಡಿಸಲಿಲ್ಲ. ಇಷ್ಟು ದಿನ ಇನ್ನೊಬ್ಬರ ಬೆನ್ನು ಕಾಯುತ್ತಿದ್ದ ಬಿದ್ದಪ್ಪನವರ ಬೆನ್ನು ಈಗ ಯಾರೋ ಅಪರಿಚಿತನ ಕಣ್ಣ ಮುಂದಿತ್ತಲ್ಲ, ಅದೇ ನನ್ನ ಸಂಕಟ. ಮಾತಾಡದವನು ಮನಸ್ಸಿನಲ್ಲಿ ಏನೋ ಕೂಡಿಡುತ್ತಾನೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಪಾವಟೆಯವರಿಗೆ ನನ್ನಲ್ಲಿ ಕೂತರೆ ಹೊಟ್ಟೆ ತೊಳಸುತ್ತಿತ್ತು. ಅವರನ್ನು ಜೀಪಿನಲ್ಲಿ ತಂದುಬಿಡುತ್ತಿದ್ದವನು ಬಾಳಪ್ಪ ಎಂಬ ಅವರ ದಳದ ಜವಾನ, ನವಲಗುಂದದ ಹತ್ತಿರದವನು. ಮದುವೆ ನಿಶ್ಚಯವಾಗಿದ್ದ ಗಂಡು, ಸದಾ ನಗುಮುಖ. ಅವನ ತಾಯಿ ಕಟ್ಟಿಕೊಟ್ಟಿದ್ದ ಒಣ ನೆಲ್ಲಿಕಾಯಿಯ ಗಂಟೊಂದು ಅವನ ಜೇಬಿನಲ್ಲಿರುತ್ತಿತ್ತು.

"ಸಾಹೇಬ್ರ, ಇದನ್ನ ಬಾಯಾಗ ಇಟಗೊಂಡು ಹತ್ರಿ. ಹೊಟ್ಟಿ ಹಿಡೀತದ" ಎಂದು ಒಂದು ಚೂರು ಕೊಡುತ್ತಿದ್ದ. "ನಮ್ಮವ್ವ ನಿಮಗಂತನ ಕಳಿಸ್ಯಾಳ ಅಂತ ತಿಳಕೊಳ್ರಿ."

"ನಿಮ್ಮವ್ವಗ ನಾ ಋಣಿ ಆದ್ನೆಪಾ" ಎನ್ನುತ್ತಿದ್ದರು ಪಾವಟೆ. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅವನೊಂದಿಗೆ ಮಾತ್ರ.

ಆ ಹೊಳೆಗಳ ನಾಡಿನಲ್ಲಿ ಯಾವುದನ್ನೂ ನಂಬುವಂತಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ, ಅಲ್ಲಿ ಹುಲ್ಲಿನ ಹಾಗಿರುವುದೆಲ್ಲ ಹುಲ್ಲಲ್ಲ. ಒಂದು ದಿನ ಹೊಲದ ನಡುವಿನ ಬಣವೆಯೊಂದರ ಮೇಲೆ ಹಾಯುತ್ತಿದ್ದೆವು. ದನಗಳು ಮೇಯುತ್ತಿದ್ದವು, ನೋಡಿದರೆ ಅನ್ನದಾತನ ಹೊಲವೇ. ದಾಟಿದ್ದೇ ತಡ, ಬಣವೆಯ ಹೊಟ್ಟೆಯಿಂದ ಗುಂಡುಗಳು ಹಾರಿ ನನ್ನ ಬಲರೆಕ್ಕೆಯಲ್ಲಿ ಸಾಲಾಗಿ ತೂತು ಬಿದ್ದವು. ಲೋಬೋ ತೇಪೆ ಹಾಕುತ್ತ, "ಇನ್ನು ಹುಲ್ಲು ಕಂಡ್ರೆ ಹತ್ತಿರ ಹೋಗ್ಬೇಡಿ ಸರ್" ಎಂದ. ಅಂದಿನಿಂದ ಬಿದ್ದಪ್ಪನವರು ಸಂಶಯದಲ್ಲಿ ನನ್ನನ್ನೂ ಮೀರಿಸಿದರು.

ಅವರದೊಂದು ಪರೀಕ್ಷೆ ಇತ್ತು. ಅದನ್ನು ಪಾವಟೆಯವರಿಗೂ ಹೇಳಿಕೊಟ್ಟರು.

"ವಿಮಾನ ಬಂದ್ರೆ ಊರಿನವರು ತಲೆ ಎತ್ತಿ ನೋಡ್ತಾರೆ. ಸಿಪಾಯಿ ಎತ್ತೋಲ್ಲ. ಮುಖ ಬಿಸಿಲಿಗೆ ಮಿಂಚಿ ಸಿಕ್ಕಿಬೀಳ್ತೀವಿ ಅಂತ ಅವರಿಗೆ ಮೊದಲ ದಿನವೇ ಕಲಿಸಿರ್ತಾರೆ. ತಲೆ ಎತ್ತದವನನ್ನ ನಂಬಬೇಡಿ."

ಈ ಪರೀಕ್ಷೆ ಕೆಲವು ಸಲ ಸರಿಯಾಗಿ ಫಲ ಕೊಟ್ಟಿತು. ಲುಂಗಿ ಉಟ್ಟು ಗದ್ದೆಯಲ್ಲಿ ಬಗ್ಗಿದ್ದವರು ನಾವು ಮೂರು ಸುತ್ತು ಹಾಕಿದರೂ ತಲೆ ಎತ್ತಲಿಲ್ಲ. ಹೊಗೆ ಹಾಕಿದೆವು, ಜೆಟ್ಟುಗಳ ಬಾಂಬು ಬಿದ್ದಾಗ ಗದ್ದೆಯ ಬದುವಿನಲ್ಲಿದ್ದ ಮದ್ದುಗುಂಡುಗಳೆಲ್ಲ ಸಿಡಿದವು. ಬಿದ್ದಪ್ಪನವರ ಕಣ್ಣು ತಪ್ಪುವುದಿಲ್ಲ ಎಂದು ಮೇಲಿನವರೂ ಹೊಗಳಿದರು.

ಹೀಗಿರುವಾಗ ಒಂದು ಬೆಳಿಗ್ಗೆ ಮೇಲಿನಿಂದ ಅಪ್ಪಣೆ ಬಂತು. ವೈರಿ ಸೈನಿಕರು ಹಳ್ಳಿಗರ ವೇಷದಲ್ಲಿ ಹುಲ್ಲು ತುಂಬಿದ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದಾರೆ. ಹುಲ್ಲಿನ ಕೆಳಗೆ ಗನ್ನುಗಳಿವೆ. ಈಚೆ ದಡದಲ್ಲಿ ನಮ್ಮ ಕಾವಲು ಠಾಣೆ ಇದೆ, ಅವರು ದಡ ಮುಟ್ಟುವುದರೊಳಗೆ ಗುರುತು ಹಾಕಿ. ಆ ಠಾಣೆಯಲ್ಲಿ ಇದ್ದದ್ದು ಪಾವಟೆಯವರದೇ ದಳದ ಜನ. ಬಾಳಪ್ಪನ ಪಾಳಿಯೂ ಆ ವಾರ ಅಲ್ಲೇ ಇತ್ತು.

ಹೊಳೆಯ ಮೇಲೆ ಬಂದಾಗ ದೋಣಿಗಳು ಕಂಡವು. ಐದಾರು ಇದ್ದವು, ಹುಲ್ಲು ಹೇರಿದ ಅಗಲವಾದ ನಾಡದೋಣಿಗಳು. ನಾವು ತಗ್ಗಿನಲ್ಲಿ ಹಾದೆವು. ಅಂಬಿಗರು ಕೋಲು ಹಾಕುತ್ತಲೇ ಇದ್ದರು, ಉಳಿದವರು ಹುಲ್ಲಿನಲ್ಲಿ ಮುಖ ಹುದುಗಿಸಿ ಬಿದ್ದಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಮತ್ತೊಮ್ಮೆ ಹಾದೆವು, ಆಗಲೂ ಇಲ್ಲ.

"ನೋಡಿದ್ರಾ?" ಎಂದರು ಬಿದ್ದಪ್ಪ.

"ನೋಡೀನ್ರಿ. ಒಬ್ಬನೂ ಎತ್ತಲಿಲ್ಲ" ಎಂದರು ಪಾವಟೆ.

ಮೇಲೆ ಜೆಟ್ಟುಗಳು ಸುತ್ತುತ್ತಿದ್ದವು. ಇಂಧನ ಮುಗಿಯುತ್ತಿದೆ, ಬೇಗ ಹೊಗೆ ಹಾಕಿ ಎಂದು ರೇಡಿಯೋದಲ್ಲಿ ಅವಸರ ಮಾಡುತ್ತಿದ್ದವು. ಬಿದ್ದಪ್ಪನವರ ಹೆಬ್ಬೆರಳು ರಾಕೆಟ್ಟಿನ ಗುಂಡಿಯ ಮೇಲೆ ಬಂತು. ಅಲ್ಲೇ ನಿಂತಿತು. ಅವರಿಗೆ ತಮ್ಮ ಪರೀಕ್ಷೆಯ ಮೇಲೇ ಅನುಮಾನ ಹುಟ್ಟಿರಬೇಕು. ಆಕಾಶದಿಂದ ಸಾವು ಬೀಳುವುದನ್ನು ಕಂಡ ಹಳ್ಳಿಯವರೂ ತಲೆ ತಗ್ಗಿಸಲು ಕಲಿತಿದ್ದರೆ? ಒಂದು ಉಸಿರಿನಷ್ಟು ಹೊತ್ತು ಹಾಗೇ ಹೋದೆವು. ಆಮೇಲೆ ಅವರ ಎಡಗೈ ಚಾಚಿ ನನ್ನ ಗಂಟಲನ್ನು ಹಿಸುಕಿತು. ಎಂಜಿನ್ನಿನ ಬಲ ಪೂರ್ತಿ ಇಳಿಯಿತು.

ಯುದ್ಧದ ನಡುವೆ, ವೈರಿಯ ತಲೆಯ ಮೇಲೆ, ಹುಡುಗರನ್ನು ಹೆದರಿಸುವ ಆಟ. ನಾನು ತತ್ತರಿಸಿಹೋದೆ. ಬರೀ ಗಾಳಿಯ ಸುಯ್ಯೆಂಬ ಸದ್ದಿನಲ್ಲಿ ದೋಣಿಗಳ ಕಡೆಗೆ ಜಾರಿದೆ. ಸದ್ದು ಕೇಳಿ ಮುಖ ಮುಚ್ಚಿಕೊಂಡವರು ಆ ಸದ್ದು ತಟ್ಟನೆ ನಿಂತಾಗ ಏನು ಮಾಡುತ್ತಾರೆ? ವಿಮಾನ ತಮ್ಮ ಮೇಲೇ ಬೀಳುತ್ತದೆಂದು ನೋಡುತ್ತಾರೆ. ಎಲ್ಲರೂ ನೋಡಿದರು. ಹೆಂಗಸರು, ಮುದುಕರು, ಹುಲ್ಲಿನೊಳಗಿಂದ ಎದ್ದ ಮಕ್ಕಳ ತಲೆಗಳು. ಒಂದು ದೋಣಿಯಲ್ಲಿ ಕಟ್ಟಿಹಾಕಿದ ಹಸು. ಒಂದು ಕೂಸು ಕಿಟಾರನೆ ಅಳುವುದು ಗಾಜು ಸರಿಸಿದ್ದ ನನ್ನ ಒಳಗಿನವರೆಗೂ ಕೇಳಿಸಿತು.

ಆದರೆ ಮೂರನೇ ದೋಣಿ ನನ್ನ ಬಲಕ್ಕಿತ್ತು. ಅದರಲ್ಲೂ ಒಬ್ಬಳು ತಾಯಿ ಎರಡು ಮಕ್ಕಳನ್ನು ಅಪ್ಪಿಕೊಂಡು ಹುಲ್ಲಿನ ಮೇಲೆ ಕೂತಿದ್ದಳು. ಅವಳು ಬೆಚ್ಚಿ ಸರಿದಾಗ ಹುಲ್ಲು ಜಾರಿತು. ಕೆಳಗೆ ದಪ್ಪನೆಯ ಉಕ್ಕಿನ ಕೊಳವೆ, ಅದರ ಕಾಲು, ಪಕ್ಕದಲ್ಲಿ ತಲೆ ಎತ್ತದೆ ಮಲಗಿದ್ದ ಇಬ್ಬರು ಗಂಡಸರು. ಅದು ಮಾರ್ಟರ್ ಗನ್ನು, ನನಗೆ ಚೆನ್ನಾಗಿ ಗೊತ್ತು. ನಾನು ನೋಡಿದೆ. ಪಾವಟೆಯೂ ನೋಡಿದರು, ಏಕೆಂದರೆ ಅದೇ ಕ್ಷಣ ಅವರ ಬೆರಳು ಮಾತಿನ ಗುಂಡಿಯನ್ನು ಒತ್ತಿತು. ತಂತಿಯಲ್ಲಿ ಅವರ ಉಸಿರು ಓಡಿತು. ಮಾತು ಬರಲಿಲ್ಲ, ಬೆರಳು ಮೇಲೆದ್ದಿತು. ಬಿದ್ದಪ್ಪನವರ ಕಡೆ ನೋಡಿದರೆ ಅವರ ಕತ್ತು ಎಡಕ್ಕೆ ತಿರುಗಿತ್ತು. ಪಾಪ, ಅವರು ನೋಡಲಿಲ್ಲ ಎಂದುಕೊಂಡೆ.

ನೀರು ಹತ್ತಿರವಾಗುತ್ತಿದ್ದಂತೆ ನನ್ನ ಎಂಜಿನ್ನಿಗೆ ಮತ್ತೆ ಬಲ ಬಂತು, ಮೇಲೆದ್ದೆವು. ಬಿದ್ದಪ್ಪನವರು ಜೆಟ್ಟುಗಳಿಗೆ ರೇಡಿಯೋದಲ್ಲಿ ಹೇಳಿದರು: ಇವರು ಹಳ್ಳಿಯ ಜನ, ಗುರಿ ಇಲ್ಲ, ವಾಪಸ್ಸು ಹೋಗಿ. ಹಿಂದಿನ ಸೀಟಿನಿಂದ ಒಂದು ಮಾತೂ ಬರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯ ನೋಡಿಯೂ ಬಾಯಿ ಮುಚ್ಚಿಕೊಂಡನಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ, ನಾನು ನೋಡಿದ್ದೆ, ಪೈಲಟ್ಟೇ ಬಿಟ್ಟುಕೊಟ್ಟ ಎಂದು ಮೇಲಿನವರಿಗೆ ಚಾಡಿ ಹೇಳಲಿಕ್ಕೇ ಇದನ್ನು ಗಂಟು ಕಟ್ಟಿಟ್ಟುಕೊಂಡಿದ್ದಾನೆ. ಹೀಗೇ ನಾನು ಯೋಚಿಸಿದ್ದು.

ಮರುದಿನ ಬೆಳಕು ಹರಿಯುವಾಗ ನಮ್ಮ ಕಾವಲು ಠಾಣೆಯ ಮೇಲೆ ಮಾರ್ಟರ್ ಗುಂಡುಗಳು ಬಿದ್ದವು. ಬಾಳಪ್ಪ ಸತ್ತ. ಸುದ್ದಿ ತಂದವನು ಅವನ ಜೀಪನ್ನೇ ನಡೆಸಿಕೊಂಡು ಬಂದಿದ್ದ ಬೇರೊಬ್ಬ ಜವಾನ. ಪಾವಟೆ ನನ್ನ ರೆಕ್ಕೆಯನ್ನು ಹಿಡಿದುಕೊಂಡು ನಿಂತರು. ಬಿದ್ದಪ್ಪನವರು ಅವರ ಹತ್ತಿರ ಹೋಗಲಿಲ್ಲ, ದೂರದಲ್ಲಿ ಟೋಪಿ ತೆಗೆದು ನಿಂತರು. ಅಂದು ನಾನು ಹಾರಲಿಲ್ಲ.

ವಿಚಾರಣೆ ಬಂತು. ಅಪ್ಪಣೆ ಇದ್ದೂ ಹೊಗೆ ಹಾಕಲಿಲ್ಲ ಏಕೆ? ಹೆದರಿ ಬಿಟ್ಟನೇ, ಕರುಣೆಯಿಂದ ಬಿಟ್ಟನೇ, ಅಥವಾ ಕಣ್ಣೇ ಮಂಜಾಗಿತ್ತೇ? ತಪ್ಪು ಸಾಬೀತಾದರೆ ಬಿದ್ದಪ್ಪನವರ ಎದೆಯ ಮೇಲಿನ ರೆಕ್ಕೆಯ ಬಿಲ್ಲೆ ಹೋಗುತ್ತಿತ್ತು, ಸೆರೆಮನೆಯೂ ಆಗಬಹುದಿತ್ತು. ವಿಚಾರಣೆಯ ಹಿಂದಿನ ಸಂಜೆ ಲೋಬೋ ನನ್ನ ನೆರಳಿನಲ್ಲಿ ನಿಂತು ಅವರಿಗೆ ಪಿಸುಗುಟ್ಟಿದ.

"ಸರ್, ಎಂಜಿನ್ ಸದ್ದು ನಿಂತದ್ದು ದಡದ ಠಾಣೆಯವರೆಲ್ಲ ಕೇಳಿದ್ದಾರೆ ಅಲ್ವಾ. ಅದೇ ಕೆಟ್ಟಿತ್ತು, ಅದಕ್ಕೇ ವಾಪಸ್ ಬಂದದ್ದು ಅಂತ ಹೇಳುವ. ನಾನೂ ಹೌದು ಅಂತೇನೆ. ಮಿಶಿನಿಗೆ ಎಂತ ಆಗ್ಲಿಕ್ಕುಂಟು?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆದರೂ ನಾನು ಬೇಡವೆನ್ನುತ್ತಿರಲಿಲ್ಲ. ಅವರು ಉಳಿಯುವುದಾದರೆ ನನಗೆ ಕಳಂಕ ಬರಲಿ ಎಂದೇ ಅಂದುಕೊಂಡೆ. ಬಿದ್ದಪ್ಪನವರು ನನ್ನ ಮೂಗಿನ ಮೇಲೆ ಕೈಯಿಟ್ಟರು.

"ಬೇಡ ಲೋಬೋ. ಈ ವಿಮಾನ ನನ್ನ ಮಾತು ಕೇಳಿದ್ದೇ ತಪ್ಪಾ? ಇಲ್ಲದ್ದು ಹೇಳೋದು ಬೇಡ."

ಆಗ ಅವರ ಮೇಲೆ ನನಗೆ ಎಷ್ಟು ಗೌರವ ಉಕ್ಕಿತೆಂದು ಹೇಳಲಾರೆ. ಆ ಗೌರವಕ್ಕೆ ಮುಂದೆ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ.

ವಿಚಾರಣೆಗೆ ಬಂದ ಹಿರಿಯ ಅಧಿಕಾರಿ ಉತ್ತರದವರು, ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಅವರು ಮೊದಲು ನನ್ನ ಎಂಜಿನ್ ಬಿಚ್ಚಿಸಿ ನೋಡಿದರು, ಕಳ್ಳನ ಜೇಬು ತಡಕಿದ ಹಾಗೆ. ಆಮೇಲೆ ಪಾವಟೆಯವರನ್ನು ನನ್ನ ಹಿಂದಿನ ಸೀಟಿನಲ್ಲೇ ಕೂರಿಸಿ, ತಾವು ರೆಕ್ಕೆಯ ಮೇಲೆ ನಿಂತರು. ಇಲ್ಲಿಂದ ಬಲಕ್ಕೆ ಎಷ್ಟು ದೂರ ಕಾಣುತ್ತದೆ, ಎಡಕ್ಕೆ ಎಷ್ಟು ಎಂದು ಕೈ ಚಾಚಿಸಿ ತೋರಿಸಲು ಹೇಳಿದರು. ಬಿದ್ದಪ್ಪನವರು ಕೆಳಗೆ, ನನ್ನ ಚಕ್ರದ ಹತ್ತಿರ, ನೆಟ್ಟಗೆ ನಿಂತಿದ್ದರು.

ಆ ದೋಣಿಗಳಲ್ಲಿ ಆಯುಧ ಕಂಡಿತೇ ಎಂದು ಅಧಿಕಾರಿ ಕೇಳಿದರು.

ಮುಗಿಯಿತು, ಗಂಟು ಬಿಚ್ಚುವ ಹೊತ್ತು ಬಂತು ಎಂದುಕೊಂಡೆ. ಪಾವಟೆಯ ಎರಡು ಕೈಗಳೂ ಅವರ ತೊಡೆಯ ಮೇಲಿದ್ದವು. ಉಗುರುಗಳು ಬಟ್ಟೆಯನ್ನು ಕಚ್ಚಿ ಹಿಡಿದಿದ್ದವು.

ಹೆಂಗಸರು, ಮಕ್ಕಳು, ಮುದುಕರು, ಒಂದು ಹಸು, ಬೇರೆ ಏನೂ ಕಾಣಲಿಲ್ಲ ಎಂದರು. ಎರಡೂ ಕಡೆ ಚೆನ್ನಾಗಿ ನೋಡಿದೆ, ಪೈಲಟ್ ಮಾಡಿದ್ದು ಸರಿ ಎಂದರು. ಸತ್ತವನು ನಿಮ್ಮದೇ ದಳದವನಲ್ಲವೇ ಎಂದು ಅಧಿಕಾರಿ ಮತ್ತೆ ಚುಚ್ಚಿದರು. ಹೌದು, ನನ್ನ ಜೀಪಿನವನು, ಆದರೂ ನನಗೆ ಏನೂ ಕಾಣಲಿಲ್ಲ ಎಂದರು.

ವಿಚಾರಣೆ ಅಲ್ಲಿಗೇ ನಿಂತಿತು. ಬಿದ್ದಪ್ಪನವರು ಉಳಿದರು. ನನಗೆ ತಲೆ ಕೆಟ್ಟುಹೋಯಿತು. ಈ ಮನುಷ್ಯ ಸುಳ್ಳು ಹೇಳಿದ, ಅದೂ ತನಗೆ ಚೂರೂ ಲಾಭವಿಲ್ಲದ ಸುಳ್ಳು. ಇದರ ಹಿಂದೆ ಇನ್ನೇನು ಹಂಚಿಕೆ ಇದೆ ಎಂದು ಬಹಳ ದಿನ ಹುಡುಕಿದೆ. ಯಾವುದೂ ಸಿಗಲಿಲ್ಲ.

ಯುದ್ಧ ಮುಗಿದ ಮೇಲೆ ನನ್ನ ರಾಕೆಟ್ ಕೊಳವೆಗಳನ್ನು ಬಿಚ್ಚಿದರು. ಮತ್ತೆ ಹಳದಿ ಬಳಿದು ಮಕ್ಕಳನ್ನು ಹೊರಲು ಹಚ್ಚಿದರು. ಕೆಲವು ವರ್ಷಗಳಲ್ಲಿ ಹೊಸ ಮಾದರಿಯ ವಿಮಾನಗಳು ಬಂದವು, ನಾನು ಮೂಲೆ ಸೇರಿದೆ. ಗುಜರಿಗೆ ಹೋಗಬೇಕಾದವನನ್ನು ಧಾರವಾಡ ಸೀಮೆಯ ಒಂದು ಎಂಜಿನಿಯರಿಂಗ್ ಕಾಲೇಜಿನವರು ತಂದು ಅಂಗಳದಲ್ಲಿ ನಿಲ್ಲಿಸಿದರು, ಹುಡುಗರು ಬಿಚ್ಚಿ ಕಲಿಯಲಿ ಎಂದು. ಬಿಚ್ಚುವುದನ್ನು ಚೆನ್ನಾಗಿ ಕಲಿತರು, ಜೋಡಿಸುವುದನ್ನು ಕಲಿಯಲಿಲ್ಲ. ಈಗ ನನ್ನಲ್ಲಿ ಎಂಜಿನ್ ಇಲ್ಲ, ಎತ್ತರ, ವೇಗ ತೋರಿಸುವ ಗಡಿಯಾರಗಳಿಲ್ಲ. ಟೈರುಗಳು ನೆಲಕ್ಕಂಟಿವೆ, ಬಾಲದಲ್ಲಿ ಗುಬ್ಬಿಗಳ ಸಂಸಾರ ನಡೆದಿದೆ.

ಮೊನ್ನೆ ಮಾಗಿಯ ಒಂದು ಮಧ್ಯಾಹ್ನ ಇಬ್ಬರು ಮುದುಕರು ಬಂದರು. ಒಬ್ಬರ ಕೈಯಲ್ಲಿ ಕೋಲಿತ್ತು. ಮೀಸೆ ಬೆಳ್ಳಗಾಗಿದ್ದರೂ ಇನ್ನೂ ನೆಟ್ಟಗೆ ಕತ್ತರಿಸಿಕೊಂಡಿದ್ದರು. ಇನ್ನೊಬ್ಬರ ದುಂಡು ಮುಖ ಇಳಿದುಹೋಗಿತ್ತು. ವಿಮಾನ ನಮ್ಮೂರ ಕಾಲೇಜಿನಾಗ ಅದ ಎಂದು ಪಾವಟೆಯವರೇ ಫೋನು ಮಾಡಿ ಬಿದ್ದಪ್ಪನವರನ್ನು ಕರೆಸಿಕೊಂಡಿದ್ದರು. ಯುದ್ಧದ ನಂತರ ಅವರಿಬ್ಬರೂ ಒಂದು ಸಲವೂ ಭೇಟಿಯಾಗಿರಲಿಲ್ಲ ಎಂದು ಮಾತಿನಿಂದ ತಿಳಿಯಿತು. ನನ್ನ ರೆಕ್ಕೆಯ ಮೇಲೆ ಪಕ್ಕಪಕ್ಕದಲ್ಲಿ ಕೂತರು. ಒಬ್ಬರ ಮುಖ ಒಬ್ಬರು ನೋಡುವಂತೆ ಅವರು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಪಾವಟೆಯೇ ಮಾತು ಶುರುಮಾಡಿದರು.

"ಬಿದ್ದಪ್ಪನವರ, ನಿಮಗೊಂದು ಹೇಳಬೇಕು. ಹೇಳದ ಸಾಯಬಾರದು ಅಂತ ಕರಸೀನಿ. ಆವತ್ತು ಮೂರನೇ ದೋಣ್ಯಾಗ ಮಾರ್ಟರ್ ಇತ್ತು. ನಾ ನೋಡೀನಿ. ನೋಡಿ ಬಾಯಿ ಬಿಡಲಿಲ್ಲ. ಅದರ ಮ್ಯಾಲ ಕೂಸುಗೋಳು ಕುಂತಿದ್ವು. ಒಂದು ಮಾತು ಅಂದಿದ್ರ ನೀವು ಹೊಗಿ ಹಾಕತಿದ್ರಿ."

ಬಿದ್ದಪ್ಪನವರು ಕೋಲಿನ ತುದಿಯನ್ನು ನೋಡುತ್ತಿದ್ದರು. "ಗೊತ್ತು" ಎಂದರು.

"ಏನು ಗೊತ್ತು?"

"ನೀವು ನೋಡಿದ್ದು ಗೊತ್ತು. ಗುಂಡಿ ಒತ್ತಿದ್ರಿ. ನನ್ನ ಕಿವೀಲಿ ಟಿಕ್ ಅಂತು. ಮಾತು ಬರುತ್ತೆ ಅಂತ ಕಾದೆ, ಬರಲಿಲ್ಲ. ನಾನೂ ನೋಡಿದ್ದೆ ಪಾವಟೆ. ನೋಡಿದ್ದಕ್ಕೇ ಕತ್ತು ಆ ಕಡೆ ತಿರುಗಿಸಿದ್ದು. ನೀವು ಹೇಳಿದ್ರೆ ಹೊಗೆ ಹಾಕೋಣ, ಹೇಳದಿದ್ರೆ ಬಿಡೋಣ ಅಂತ ನಿಮ್ಮ ಮೇಲೆ ಹಾಕಿಬಿಟ್ಟೆ."

ನನ್ನ ಹಳೆಯ ತಗಡೆಲ್ಲ ತಣ್ಣಗಾಯಿತು. ಲೋಕವನ್ನೆಲ್ಲ ಸಂಶಯಪಟ್ಟ ನಾನು, ಸಂಶಯಪಡಬೇಕಾದ ಒಂದೇ ಒಂದು ಕತ್ತನ್ನು ಪಾಪ ಎಂದು ಬಿಟ್ಟಿದ್ದೆ. ಇಲ್ಲದ್ದು ಹೇಳೋದು ಬೇಡ ಎಂದು ಲೋಬೋನಿಗೆ ಬುದ್ಧಿ ಹೇಳಿದವರು, ಚಕ್ರದ ಹತ್ತಿರ ನೆಟ್ಟಗೆ ನಿಂತು, ಇನ್ನೊಬ್ಬ ತಮಗಾಗಿ ಹೇಳಿದ ಸುಳ್ಳನ್ನು ಕೇಳಿಸಿಕೊಂಡಿದ್ದರು. ಬಿದ್ದಪ್ಪನವರ ಮೇಲೆ ನನಗೆ ಸಿಟ್ಟು ಬಂತು. ಇಷ್ಟು ವರ್ಷ ಪಾವಟೆಯನ್ನು ಮನಸ್ಸಿನಲ್ಲೇ ಬೈದದ್ದಕ್ಕೆ ಅಳುವೂ ಬಂತು, ಅಳಲು ನನ್ನಲ್ಲಿ ಒಂದು ಹನಿ ಎಣ್ಣೆಯೂ ಇರಲಿಲ್ಲ.

ಪಾವಟೆ ಎದ್ದು ನಿಂತರು. ಕೂಗಲಿಲ್ಲ.

"ಬಾಳಪ್ಪನ ಅವ್ವನ ಮುಂದ ಪ್ರತಿ ವರ್ಷಾ ಹೋಗಿ ಕುಂದರತೀನೋ ನಾನು. ಆಕಿ ನನಗ ಉಣ್ಣಾಕ ಹಾಕತಾಳ. ನನ್ನ ಮಗನ ಸಾಹೇಬ್ರು ಅಂತ ಓಣಿ ಮಂದಿಗೆಲ್ಲಾ ಹೇಳತಾಳ. ಆ ತುತ್ತು ನುಂಗೂದು ಏನಂತ ನಿನಗ ಗೊತ್ತೇನು? ಇಷ್ಟು ವರ್ಷ ನಾನೊಬ್ಬನ ನುಂಗೀನಲ್ಲೋ ಬಿದ್ದಪ್ಪಾ."

ಗುಬ್ಬಿಗಳು ಗಲಾಟೆ ಮಾಡುತ್ತಿದ್ದವು. ದೂರದಲ್ಲಿ ಕಾಲೇಜಿನ ಗಂಟೆ ಹೊಡೆದು ಹುಡುಗರು ಹೊರಗೆ ಬಂದರು, ಇಬ್ಬರು ಮುದುಕರ ಕಡೆ ಯಾರೂ ನೋಡಲಿಲ್ಲ.

"ಆಕೆ ಇನ್ನೂ ಇದ್ದಾರಾ?" ಎಂದು ಬಿದ್ದಪ್ಪನವರು ಕೇಳಿದರು.

"ಅದಾಳ. ಕಣ್ಣು ಕಾಣಂಗಿಲ್ಲ."

"ಇಲ್ಲಿಂದ ಎಷ್ಟು ದೂರ?"

"ಬಸ್ ಅದ."

ಬಿದ್ದಪ್ಪನವರು ಕೋಲೂರಿ ಎದ್ದರು. ಪಾವಟೆ ಕೈ ಕೊಡಲಿಲ್ಲ, ಆದರೆ ಕಾದರು. ಇವರು ಆಕೆಯ ಮನೆಗೆ ಹೋಗುತ್ತಾರೆಯೇ, ಬಸ್‌ಸ್ಟ್ಯಾಂಡಿನಲ್ಲೇ ಚಹಾ ಕುಡಿದು ಬೇರೆಬೇರೆ ದಾರಿ ಹಿಡಿಯುತ್ತಾರೆಯೇ ಎಂದು ನನ್ನ ಹಳೆಯ ಚಾಳಿ ಎದ್ದು ಕೂತಿತು. ಹೇಳಬೇಕಾದದ್ದು ಎರಡೇ ಮಾತು. ದೋಣಿಯಲ್ಲಿ ನಿನ್ನ ಮಗನನ್ನು ಕೊಂದ ಗನ್ನು ಇತ್ತು, ನಾವಿಬ್ಬರೂ ನೋಡಿದೆವು. ಅದರ ಮೇಲೆ ಯಾರದೋ ಮಕ್ಕಳು ಕೂತಿದ್ದವು, ನಾವಿಬ್ಬರೂ ಬಿಟ್ಟೆವು. ಆ ಕುರುಡು ತಾಯಿಗೆ ಇವೆರಡರಲ್ಲಿ ಯಾವುದನ್ನು ಮೊದಲು ಹೇಳುವುದು ಎಂದು ಅವರಿಬ್ಬರೂ ಗೇಟು ದಾಟುವವರೆಗೂ ಜಗಳವಾಡುತ್ತ ಹೋದರು.